ಜೈಲಿನೊಳಗೆ ಗಾಂಜಾ ಹೋಗುವುದು ಹೇಗೆ, ತಡೆಯುವುದು ಹೇಗೆ?

ಪ್ರಶ್ನೆ: ನನ್ನ ತಮ್ಮ ಹೊಡೆದಾಟದ ಪ್ರಕರಣವೊಂದರಲ್ಲಿ ಏಳು ತಿಂಗಳಿನಿಂದ ಕೇಂದ್ರ ಕಾರಾಗೃಹವೊಂದರಲ್ಲಿ ವಿಚಾರಣಾಧೀನ ಬಂದಿಯಾಗಿದ್ದಾನೆ. ಒಳಗೆ ಹೋಗುವ ಮೊದಲು ಬೀಡಿಯನ್ನೂ ಮುಟ್ಟದಿದ್ದವನು ಈಗ ಗಾಂಜಾಕ್ಕೆ ಅಂಟಿಕೊಂಡಿದ್ದಾನೆಂದು ತಿಳಿಯಿತು. ಆಗಾಗ ಅಪರಿಚಿತ ಸಂಖ್ಯೆಯಿಂದ ಕರೆ ಬರುತ್ತದೆ. ಹೇಳಿದ ನಂಬರಿಗೆ ಯುಪಿಐ ಮೂಲಕ ಹಣ ಹಾಕದಿದ್ದರೆ ತಮ್ಮನಿಗೆ ಒಳಗೆ ತೊಂದರೆಯಾಗುತ್ತದೆ ಎನ್ನುತ್ತಾರೆ. ಅಷ್ಟೆತ್ತರದ ಗೋಡೆ, ಕ್ಯಾಮೆರಾ, ಜಾಮರ್ ಇರುವ ಕಡೆ ಇದೆಲ್ಲ ಹೇಗೆ ನಡೆಯುತ್ತದೆ? ಸಿಬ್ಬಂದಿಯ ಭ್ರಷ್ಟಾಚಾರವನ್ನು ನಿಲ್ಲಿಸಲು ನಿಜಕ್ಕೂ ದಾರಿಯಿದೆಯೇ? ನಾವು ಏನು ಮಾಡಬೇಕು?
– ಹೆಸರು ಬೇಡವೆಂದಿರುವ ಓದುಗರು

ಉತ್ತರ: ನೀವು ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ. ಆದರೆ ಒಂದು ಮಾತನ್ನು ಈಗಲೇ ಹೇಳಿಬಿಡಬೇಕು. ಮುಂದಿನ ಸಲ ಕರೆ ಬಂದಾಗ ಹಣ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ ಹಣದ ವಿವರವನ್ನಾಗಲಿ, ಬಂದ ಕರೆಗಳ ದಾಖಲೆಯನ್ನಾಗಲಿ ಫೋನಿನಿಂದ ಅಳಿಸಬೇಡಿ. ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷ್ಯ ಅದೇ. ಕಾರಾಗೃಹ ಇಲಾಖೆಯಲ್ಲಿ ಸಹಾಯಕ ಅಧೀಕ್ಷಕನಾಗಿ ದುಡಿದು, ಸೇವೆಯ ಕೊನೆಯ ವರ್ಷಗಳಲ್ಲಿ ಹೊಸ ವಾರ್ಡರ್‌ಗಳಿಗೆ ಪಾಠ ಹೇಳಿದ ನನಗೆ ನಿಮ್ಮ ಪತ್ರದಲ್ಲಿ ಹೊಸದೇನೂ ಕಾಣಲಿಲ್ಲ. ಬೇಸರದ ಸಂಗತಿಯೂ ಅದೇ.

ವಸ್ತು ಒಳಗೆ ಹೋಗುವ ಬಗೆಯನ್ನು ಮೊದಲು ನೋಡೋಣ. ಪತ್ರಿಕೆಯಲ್ಲಿ ಬರುವುದು ಸಿಕ್ಕಿಬಿದ್ದ ಪ್ರಕರಣಗಳು ಮಾತ್ರ, ಅವು ಸಹಜವಾಗಿಯೇ ಸ್ವಾರಸ್ಯಕರವಾಗಿರುತ್ತವೆ. 2025ರ ನವೆಂಬರ್‌ನಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿರುವ ಕೇಂದ್ರ ಕಾರಾಗೃಹದ ಬಾಗಿಲಿಗೆ ಬಂದ ಆಟೋವೊಂದು ಕ್ಯಾಂಟೀನಿಗೆಂದು ಬಾಳೆಗೊನೆಗಳನ್ನು ಇಳಿಸಿ ಹೋಯಿತು. ತಪಾಸಣೆ ಮಾಡಿದಾಗ ಗೊನೆಯ ದಿಂಡನ್ನು ಕೊರೆದು, ಒಳಗೆ ಗಾಂಜಾ ಮತ್ತು ಸಿಗರೇಟುಗಳನ್ನು ತುಂಬಿ, ಮೇಲೆ ಗಮ್ ಟೇಪು ಸುತ್ತಿದ್ದುದು ಕಂಡುಬಂತು. ಅದೇ ವರ್ಷ ಅದೇ ಕಾರಾಗೃಹದಿಂದ ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದ ಬಂದಿಯೊಬ್ಬನ ಎಕ್ಸ್‌-ರೇ ತೆಗೆದು ನೋಡಿದ ವೈದ್ಯರು ಆತನ ಹೊಟ್ಟೆಯಿಂದ ಪುಟ್ಟ ಮೊಬೈಲ್ ಫೋನೊಂದನ್ನು ಹೊರತೆಗೆದರು. ಮಂಗಳೂರಿನ ಕೊಡಿಯಾಲಬೈಲಿನ ಜೈಲು ಊರಿನ ನಡುವೆಯೇ ಇದೆ; ಸ್ಕೂಟರಿನಲ್ಲಿ ಬಂದ ಯುವಕರು ರಸ್ತೆಯಿಂದಲೇ ಗೋಡೆಯಾಚೆಗೆ ಪೊಟ್ಟಣ ಎಸೆಯುತ್ತಿದ್ದುದು ದಾರಿಯಲ್ಲಿ ಹೋಗುತ್ತಿದ್ದವರ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಇವುಗಳಲ್ಲದೆ ನ್ಯಾಯಾಲಯಕ್ಕೆ ಹೋಗಿಬರುವ ವ್ಯಾನು, ಜಿಲ್ಲಾಸ್ಪತ್ರೆಯ ಶೌಚಾಲಯ, ಪೆರೋಲ್ ಮುಗಿಸಿ ಮರಳುವವರ ಮೈ, ಸಂದರ್ಶನಕ್ಕೆ ಬಂದವರು ಕೊಡುವ ಬಟ್ಟೆಯ ಮಡಿಕೆ ಎಲ್ಲವೂ ದಾರಿಗಳೇ.

ಆದರೆ ಈ ದಾರಿಗಳಲ್ಲಿ ಹೋಗುವುದು ಚಿಲ್ಲರೆ. ಒಂದು ಕಾರಾಗೃಹದಲ್ಲಿ ಗಾಂಜಾ ವಾರವಿಡೀ, ತಿಂಗಳಿಡೀ, ಒಂದೇ ದರದಲ್ಲಿ ತಪ್ಪದೆ ಸಿಗುತ್ತಿದೆಯೆಂದರೆ ಅದು ಗೋಡೆ ಹಾರಿ ಬಂದದ್ದಲ್ಲ ಎಂದು ತಿಳಿಯಬೇಕು. ಎಸೆದ ಪೊಟ್ಟಣ ಕಾವಲುಗಾರನ ಕಣ್ಣಿಗೆ ಬೀಳಬಹುದು, ಬೇರೆ ಗುಂಪಿನ ಕೈಸೇರಬಹುದು, ಮಳೆಯಲ್ಲಿ ನೆನೆಯಬಹುದು. ಅಂಥ ಪೂರೈಕೆಯನ್ನು ನಂಬಿ ಯಾರೂ ವ್ಯಾಪಾರ ಮಾಡುವುದಿಲ್ಲ. ನಂಬಿಕೆಯ ಪೂರೈಕೆಗೆ ದಿನವೂ ಒಳಗೆ ಬಂದು ಹೊರಗೆ ಹೋಗುವ, ಮೈ ಮುಟ್ಟಿ ತಪಾಸಣೆ ಮಾಡಿಸಿಕೊಳ್ಳದ ಮನುಷ್ಯ ಬೇಕು. ಆತ ವಾರ್ಡರ್ ಆಗಿರಬಹುದು, ಬೋಧಕ ಸಿಬ್ಬಂದಿ ಆಗಿರಬಹುದು, ಹಾಲು ತರಕಾರಿ ತರುವ ಗುತ್ತಿಗೆದಾರನ ಆಳು ಆಗಿರಬಹುದು, ವೈದ್ಯನೂ ಆಗಿರಬಹುದು. 2025ರ ಜುಲೈನಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯು ಭಯೋತ್ಪಾದನೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಪರಪ್ಪನ ಅಗ್ರಹಾರದ ಬೆಂಗಳೂರು ಕೇಂದ್ರ ಕಾರಾಗೃಹದ ಮನೋವೈದ್ಯರೊಬ್ಬರನ್ನೂ ನಗರದ ಸಹಾಯಕ ಸಬ್‌ ಇನ್‌ಸ್ಪೆಕ್ಟರ್ ಒಬ್ಬರನ್ನೂ ಬಂಧಿಸಿತು. ವೈದ್ಯರ ಮೇಲಿದ್ದ ಆರೋಪ ಬಂದಿಗಳಿಗೆ ಫೋನು ತಂದುಕೊಡುತ್ತಿದ್ದರು ಎಂಬುದು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಾನು ಹೇಳಹೊರಟಿರುವುದು ಇಷ್ಟೇ: ಗೇಟಿನಲ್ಲಿ ಸಂಶಯಕ್ಕೆ ಹೊರತಾದ ಹುದ್ದೆಯೆಂಬುದು ಇರಕೂಡದು.

ಒಬ್ಬ ವಾರ್ಡರ್ ಈ ಕೆಲಸಕ್ಕೆ ಇಳಿಯುವುದು ಹೇಗೆಂಬುದನ್ನು ಹೊರಗಿನವರು ಸಾಮಾನ್ಯವಾಗಿ ತಪ್ಪಾಗಿ ತಿಳಿದಿರುತ್ತಾರೆ. ಯಾರೋ ನೋಟಿನ ಕಟ್ಟು ತೋರಿಸಿದರು, ಈತ ಕೈಚಾಚಿದ ಎಂದುಕೊಳ್ಳುತ್ತಾರೆ. ಹಾಗೆ ಆಗುವುದು ಅಪರೂಪ. ನಾನು ಕೆಲಸ ಮಾಡಿದ ಒಂದು ಕಾರಾಗೃಹದಲ್ಲಿ ಇಪ್ಪತ್ತಾರು ವರ್ಷದ ಹುಡುಗನೊಬ್ಬ ವಾರ್ಡರ್ ಆಗಿ ಸೇರಿದ್ದ. ಬಡ ಕುಟುಂಬ, ಶಿಸ್ತಿನ ಹುಡುಗ, ತರಬೇತಿಯಲ್ಲಿ ಮೊದಲಿಗ. ಆತನ ಬ್ಯಾರಕಿನಲ್ಲಿದ್ದ ಹಿರಿಯ ರೌಡಿಯೊಬ್ಬ ಮೊದಲ ತಿಂಗಳು ಮಾಡಿದ್ದಿಷ್ಟೇ: ಬೇರೆ ಬಂದಿಗಳು ಈ ಹುಡುಗನ ಮಾತು ಕೇಳುವಂತೆ ನೋಡಿಕೊಂಡ. ಎಣಿಕೆಯ ಹೊತ್ತಿಗೆ ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು, ಗಲಾಟೆ ಇರುತ್ತಿರಲಿಲ್ಲ. ನೂರಾರು ಜನರ ನಡುವೆ ಒಬ್ಬನೇ ನಿಲ್ಲುವ ಹೊಸಬನಿಗೆ ಅದು ಸಣ್ಣ ಉಪಕಾರವಲ್ಲ. ಎರಡನೆಯ ತಿಂಗಳು, ‘ಅಣ್ಣ, ನಮ್ಮ ತಾಯಿಗೆ ಹುಷಾರಿಲ್ಲವಂತೆ, ಹೊರಗೆ ಹೋದಾಗ ಒಂದು ಫೋನ್ ಮಾಡಿ ವಿಚಾರಿಸಿಬಿಡಿ’ ಎಂದ. ಹುಡುಗ ತನ್ನ ಸ್ವಂತ ಮೊಬೈಲಿನಿಂದ ಕರೆ ಮಾಡಿದ. ಅಲ್ಲಿಗೆ ಆತನ ನಂಬರು ಹೊರಗಿನ ಗುಂಪಿಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಆತನ ತಂದೆಯ ಶಸ್ತ್ರಚಿಕಿತ್ಸೆಯ ಬಿಲ್ಲಿನ ಒಂದು ಭಾಗವನ್ನು ಯಾರೋ ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಿ ಹೋಗಿದ್ದರು. ಆತ ಕೇಳಿರಲೂ ಇಲ್ಲ. ಮುಂದೆ ಒಂದು ದಿನ ಊಟದ ಡಬ್ಬಿಯ ತಳದಲ್ಲಿ ಪೊಟ್ಟಣವಿಟ್ಟುಕೊಂಡು ಬರುವಾಗ ಸಿಕ್ಕಿಬಿದ್ದ. ವಿಚಾರಣೆಯಲ್ಲಿ ಆತ ನನಗೆ ಹೇಳಿದ ಮಾತು ಈಗಲೂ ನೆನಪಿದೆ: ‘ಸಾರ್, ನಾನು ಯಾವತ್ತು ಒಪ್ಪಿಕೊಂಡೆ ಅಂತ ನನಗೇ ಗೊತ್ತಿಲ್ಲ.’ ಒಂದು ಕರೆ ಮಾಡಿದ ದಿನವೇ ಆತ ಹೋಗಿ ಮೇಲಧಿಕಾರಿಗೆ ತಪ್ಪೊಪ್ಪಿಕೊಂಡಿದ್ದರೆ ಉಳಿಯುತ್ತಿದ್ದ. ಆದರೆ ಹಾಗೆ ಹೇಳಿಕೊಂಡವನಿಗೆ ಸಿಗುವುದು ಮೆಮೊ ಎಂಬುದು ಆತನಿಗೆ ಗೊತ್ತಿತ್ತು. ಅಂಥ ಹುಡುಗ ಬಂದು ಹೇಳಿಕೊಳ್ಳಬಹುದಾದ ಒಂದು ಬಾಗಿಲನ್ನು ನಾವು ಮೇಲಧಿಕಾರಿಗಳು ತೆರೆದಿಟ್ಟಿರಲಿಲ್ಲ. ಆ ಹೊಣೆಯಲ್ಲಿ ನನ್ನ ಪಾಲೂ ಇದೆ.

ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ಇಂಥ ಪ್ರತಿಯೊಂದು ಸುದ್ದಿಯಲ್ಲೂ ಬಳಸುತ್ತಾರೆ. ಗಾದೆ ಸರಿಯೇ. ಆದರೆ ಬೇಲಿಗೆ ಹೊಲ ಅಷ್ಟು ರುಚಿಸುವಂತೆ ಮಾಡಿದವರಾರು ಎಂದು ಕೇಳುವವರು ಕಡಿಮೆ. ಜೈಲಿನೊಳಗೆ ಒಂದು ಕಟ್ಟು ಬೀಡಿಗೆ ಹೊರಗಿನ ಹಲವು ಪಟ್ಟು ಬೆಲೆ ಬರುವುದು ಬೀಡಿಯ ಗುಣದಿಂದಲ್ಲ, ಗೇಟಿನಿಂದ. ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ನಡುವಿನ ಅಂತರವೇ ಲಂಚದ ಮೂಲ. ತಪಾಸಣೆ ಬಿಗಿಯಾದಷ್ಟೂ ಆ ಅಂತರ ಹಿಗ್ಗುತ್ತದೆ, ಒಬ್ಬ ಸಿಬ್ಬಂದಿಗೆ ಕೊಡಲು ಗುಂಪಿನ ಬಳಿ ಇರುವ ಹಣವೂ ಹೆಚ್ಚುತ್ತದೆ. ಆದ್ದರಿಂದ ಬಂದಿಗಳ ಮತ್ತು ಸಂದರ್ಶಕರ ತಪಾಸಣೆಯನ್ನು ಮಾತ್ರ ಬಿಗಿಗೊಳಿಸಿ ಸಿಬ್ಬಂದಿಯನ್ನು ಹಾಗೆಯೇ ಬಿಟ್ಟರೆ, ಸರ್ಕಾರವು ತನ್ನದೇ ಖರ್ಚಿನಲ್ಲಿ ಭ್ರಷ್ಟ ಸಿಬ್ಬಂದಿಯ ಪೈಪೋಟಿಗಾರರನ್ನು ತೆಗೆದುಹಾಕಿ ಅವನ ದರವನ್ನು ಏರಿಸಿಕೊಟ್ಟಂತಾಗುತ್ತದೆ. ನನ್ನ ಉತ್ತರದ ತಿರುಳು ಇದೇ. ಬೇಡಿಕೆಯನ್ನು ತಗ್ಗಿಸುವುದು ಮತ್ತು ಸಿಬ್ಬಂದಿಯ ಮೇಲಿನ ಕಣ್ಗಾವಲನ್ನು ಆ ಕಾರಾಗೃಹದವರ ಕೈಯಿಂದ ಹೊರಗೆ ತರುವುದು, ಇವೆರಡೂ ಜೊತೆಯಾಗಿ ನಡೆಯದಿದ್ದರೆ ಉಳಿದ ಯಾವ ಬಿಗಿಯೂ ನಿಲ್ಲುವುದಿಲ್ಲ.

ನಮ್ಮ ರಾಜ್ಯದ ಅನುಭವವೇ ಇದಕ್ಕೆ ಸಾಕ್ಷಿ. 2017ರ ಜುಲೈನಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ಅವರು ಪರಪ್ಪನ ಅಗ್ರಹಾರದ ಬಗ್ಗೆ ಕೊಟ್ಟ ವರದಿ ನೆನಪಿರಬಹುದು. ವಿಶೇಷ ಬಂದಿಯೊಬ್ಬರಿಗೆ ಪ್ರತ್ಯೇಕ ಅಡುಗೆಮನೆಯ ಸೌಲಭ್ಯ ದೊರೆತಿದೆ, ಅದಕ್ಕಾಗಿ ಎರಡು ಕೋಟಿ ರೂಪಾಯಿ ಕೈಬದಲಾದ ಮಾತಿದೆ ಎಂಬ ಭಾಗವೇ ದೇಶದಾದ್ಯಂತ ಸುದ್ದಿಯಾಯಿತು. ಆಗಿನ ಕಾರಾಗೃಹ ಡಿಜಿಪಿ ಅದನ್ನು ನಿರಾಕರಿಸಿದರು, ಸರ್ಕಾರವು ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರಿಂದ ವಿಚಾರಣೆ ನಡೆಸಿತು. ಆ ಗದ್ದಲದಲ್ಲಿ ವರದಿಯ ಇನ್ನೊಂದು ಭಾಗ ಮರೆಯಾಯಿತು: 25 ಬಂದಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ 18 ಮಂದಿ ಮಾದಕ ವಸ್ತು ಸೇವಿಸಿದ್ದು ಪತ್ತೆಯಾಗಿತ್ತು. ನನ್ನ ಮಟ್ಟಿಗೆ ಅಡುಗೆಮನೆಗಿಂತ ದೊಡ್ಡ ಸುದ್ದಿ ಅದು. ಅಡುಗೆಮನೆ ಒಬ್ಬರದು, ಆ 18 ಮಂದಿ ನಿಮ್ಮ ತಮ್ಮನಂಥವರು.

ಮುಂದಿನದು ಎಲ್ಲರಿಗೂ ಗೊತ್ತಿರುವಂಥದ್ದೇ. 2024ರ ಆಗಸ್ಟ್‌ನಲ್ಲಿ ಕೊಲೆ ಪ್ರಕರಣದ ಆರೋಪಿಯಾಗಿದ್ದ ನಟ ದರ್ಶನ್ ಅವರು ಅದೇ ಕಾರಾಗೃಹದ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಕಪ್ಪು ಹಿಡಿದು ರೌಡಿಗಳ ಜೊತೆ ಕುಳಿತಿರುವ ಚಿತ್ರ ಹೊರಬಂತು. ಸಿಬ್ಬಂದಿಯ ಅಮಾನತು ಆಯಿತು, ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಸ್ಥಳಾಂತರಿಸಲಾಯಿತು. 2025ರ ಆಗಸ್ಟ್ 14ರಂದು ಅವರಿಗೆ ಸಿಕ್ಕಿದ್ದ ಜಾಮೀನು ರದ್ದುಪಡಿಸಿದ ಸುಪ್ರೀಂ ಕೋರ್ಟ್, ರಾಜಾತಿಥ್ಯ ನೀಡಿದ್ದು ತಿಳಿದುಬಂದರೆ ಮೊದಲು ಅಧೀಕ್ಷಕರನ್ನೇ ಅಮಾನತು ಮಾಡಲಾಗುವುದೆಂದು ಎಚ್ಚರಿಸಿತು. ಆ ಎಚ್ಚರಿಕೆಯ ಬೆನ್ನಿಗೇ, ನವೆಂಬರ್‌ನಲ್ಲಿ, ಅಲ್ಲಿಯೇ ಬಂದಿಗಳು ಮೊಬೈಲು, ಟಿ.ವಿ. ಬಳಸುವ, ಕುಣಿಯುವ ವಿಡಿಯೊಗಳು ಹರಿದಾಡಿದವು. ಮತ್ತೆ ಅಮಾನತು, ಮತ್ತೆ ವರ್ಗಾವಣೆ, ಮತ್ತೊಂದು ಸಮಿತಿ. ಈ ಎರಡೂ ಸಲ ವಿಷಯ ಬಯಲಾದದ್ದು ಕಳ್ಳದಾರಿಯಲ್ಲಿ ಒಳಗೆ ಹೋದ ಮೊಬೈಲಿನಿಂದಲೇ ಹೊರತು ಇಲಾಖೆಯ ನೂರಾರು ಕ್ಯಾಮೆರಾಗಳಿಂದಲ್ಲ ಎಂಬುದನ್ನು ಗಮನಿಸಿ. ಕ್ಯಾಮೆರಾ ಇದ್ದರೆ ಸಾಲದು. ಅದರ ಪರದೆಯ ಮುಂದೆ ಕೂತವನು ಯಾರಿಗೆ ಉತ್ತರ ಹೇಳಬೇಕಾದವನು ಎಂಬುದು ಮುಖ್ಯ. ಪರದೆಯ ಮುಂದೆ ಕೂತವನ ರಜೆಯ ಅರ್ಜಿಗೆ ಸಹಿ ಹಾಕುವವರು ಅದೇ ಕಾರಾಗೃಹದ ಅಧಿಕಾರಿಗಳಾದರೆ ಆತನಿಗೆ ಕಾಣಬೇಕಾದದ್ದು ಕಾಣುವುದಿಲ್ಲ.

ಜಾಮರ್ ಕುರಿತೂ ಕೇಳಿದ್ದೀರಿ. ಪರಪ್ಪನ ಅಗ್ರಹಾರದಲ್ಲಿ, ಮಂಗಳೂರಿನಲ್ಲಿ ಜಾಮರ್ ಹಾಕಿದಾಗ ಸುತ್ತಲಿನ ನಿವಾಸಿಗಳಿಗೆ ನೆಟ್‌ವರ್ಕ್ ಸಿಗದೆ ಅವರೇ ಪ್ರತಿಭಟಿಸಬೇಕಾಯಿತು. ಸಾಮರ್ಥ್ಯ ತಗ್ಗಿಸಿದರೆ ಬ್ಯಾರಕಿನ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ, ಹೆಚ್ಚಿಸಿದರೆ ಪಕ್ಕದ ಅಂಗಡಿಯವನ ಯುಪಿಐ ನಿಲ್ಲುತ್ತದೆ. ಇದಕ್ಕಿಂತ ಅಗ್ಗದ ಮತ್ತು ಹೆಚ್ಚು ಫಲ ಕೊಡುವ ಉಪಾಯವೆಂದರೆ ಅಧಿಕೃತ ಫೋನು ಬೂತುಗಳನ್ನು ಹೆಚ್ಚಿಸಿ, ಬಂದಿಯು ಮೊದಲೇ ಬರೆಸಿಟ್ಟ ಮನೆಯವರ ಮತ್ತು ವಕೀಲರ ನಂಬರುಗಳಿಗೆ ಸುಲಭವಾಗಿ, ಸರದಿಗಾಗಿ ಯಾರ ಕಾಲೂ ಹಿಡಿಯದೆ ಮಾತನಾಡುವಂತೆ ಮಾಡುವುದು. ಹೆಂಡತಿಯೊಡನೆ ಐದು ನಿಮಿಷ ಮಾತನಾಡಲು ಕಳ್ಳ ಫೋನು ಬಾಡಿಗೆಗೆ ಪಡೆಯುವವರು ಈ ವ್ಯಾಪಾರದಿಂದ ಹೊರಬಿದ್ದರೆ ಉಳಿಯುವುದು ಸುಲಿಗೆ, ಬೆದರಿಕೆಗೆ ಫೋನು ಬೇಕಾದ ಕೆಲವರು ಮಾತ್ರ. ಆ ಕೆಲವರನ್ನು ಹುಡುಕುವುದು ಆಗ ಕಷ್ಟವಲ್ಲ.

ಬೇಡಿಕೆಯ ಮಾತಿಗೆ ಬಂದರೆ, ನಿಮ್ಹಾನ್ಸ್ ತಜ್ಞರು ಬೆಂಗಳೂರು ಕೇಂದ್ರ ಕಾರಾಗೃಹದ 5,024 ಬಂದಿಗಳನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ವರದಿಯನ್ನು ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ಓದಬೇಕು. ಅದರ ಪ್ರಕಾರ ಶೇ 79.6ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಇಲ್ಲವೇ ವ್ಯಸನ, ಎರಡರಲ್ಲಿ ಒಂದಾದರೂ ಇತ್ತು. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ ಶೇ 27.6ರಷ್ಟು ಮಂದಿಗೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆ ಇತ್ತು. ಇಷ್ಟು ಜನರನ್ನು ಒಂದೆಡೆ ಕೂಡಿಹಾಕಿ, ಕುಡಿತವನ್ನೋ ಅಫೀಮನ್ನೋ ಒಂದೇ ದಿನದಲ್ಲಿ ಬಿಡಿಸಿ, ಔಷಧಿ ಕೊಡದೆ ಬಿಟ್ಟರೆ ಅವರು ಸಿಕ್ಕಿದ್ದನ್ನು ಸೇವಿಸುತ್ತಾರೆ. 2024ರ ಡಿಸೆಂಬರ್ ಕೊನೆಯಲ್ಲಿ ಮೈಸೂರು ಕೇಂದ್ರ ಕಾರಾಗೃಹದ ಬೇಕರಿಯಲ್ಲಿ ಕೇಕಿಗೆಂದು ತಂದಿದ್ದ ಎಸೆನ್ಸನ್ನು ಅಮಲಿಗಾಗಿ ಕುಡಿದು ಮೂವರು ಬಂದಿಗಳು ಜೀವ ಕಳೆದುಕೊಂಡರು. ಎಸೆನ್ಸಿನ ಬಾಟಲಿಗೆ ಬೀಗ ಹಾಕಬೇಕಿತ್ತು ಎಂಬುದು ನಿಜ. ಆದರೆ ಎಸೆನ್ಸು ಕುಡಿಯುವ ಸ್ಥಿತಿಗೆ ತಲುಪಿದ ಮನುಷ್ಯನನ್ನು ಜೈಲಿಗೆ ಬಂದ ಮೊದಲ ವಾರವೇ ಗುರುತಿಸಲು ಸಾಧ್ಯವಿತ್ತು ಎಂಬುದು ಅದಕ್ಕಿಂತ ದೊಡ್ಡ ನಿಜ. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಿಂದಲೇ ಅಫೀಮು ವ್ಯಸನಿಗಳಿಗೆ ಬುಪ್ರೆನಾರ್ಫಿನ್ ಮಾತ್ರೆಯ ಚಿಕಿತ್ಸೆ ನಡೆದುಬಂದಿದೆ. ಗಾಂಜಾಕ್ಕೆ ಅಂಥ ಬದಲಿ ಮಾತ್ರೆ ಇಲ್ಲ; ಅದಕ್ಕೆ ಬೇಕಾದದ್ದು ಆಪ್ತಸಮಾಲೋಚನೆ, ನಿದ್ರೆಗೂ ಆತಂಕಕ್ಕೂ ಸರಿಯಾದ ಔಷಧಿ, ಮತ್ತು ಹಗಲು ಮಾಡಲು ಏನಾದರೊಂದು ಕೆಲಸ. ವಿಚಾರಣಾಧೀನ ಬಂದಿಗೆ ಸಜಾಬಂದಿಯಂತೆ ಕಡ್ಡಾಯ ಕೆಲಸವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಗೋಡೆ ನೋಡಿಕೊಂಡು ಕೂತ ಇಪ್ಪತ್ತರ ಹರೆಯದವನ ಮುಂದೆ ಮೊದಲ ದಮ್ಮು ಉಚಿತವಾಗಿಯೇ ಬರುತ್ತದೆ. ಲೆಕ್ಕ ಶುರುವಾಗುವುದು ಆಮೇಲೆ.

ಮೂತ್ರ ಪರೀಕ್ಷೆಯನ್ನು ಕಡ್ಡಾಯ ಮಾಡಿ ಸಿಕ್ಕವರಿಗೆ ಶಿಕ್ಷೆ ಕೊಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಇಂಗ್ಲೆಂಡಿನ ಜೈಲುಗಳಲ್ಲಿ 1990ರ ದಶಕದ ನಡುವಿನಿಂದ ಇದು ಜಾರಿಯಲ್ಲಿದೆ, ಅಲ್ಲಿ ಬಂದ ಟೀಕೆಯಿಂದ ನಾವು ಕಲಿಯುವುದಿದೆ. ಗಾಂಜಾ ನಿತ್ಯ ಸೇದುವವನ ಮೂತ್ರದಲ್ಲಿ ಅದರ ಕುರುಹು ವಾರಗಟ್ಟಲೆ ಉಳಿಯುತ್ತದೆ, ಹೆರಾಯಿನ್ನಿನದು ಎರಡು ಮೂರು ದಿನಗಳಲ್ಲಿ ಹೋಗುತ್ತದೆ. ಶಿಕ್ಷೆಗಾಗಿ ಪರೀಕ್ಷೆ ಮಾಡಿದರೆ ಬಂದಿಯು ಬೇಗ ಮಾಯವಾಗುವ, ಹೆಚ್ಚು ಅಪಾಯದ ವಸ್ತುವಿನ ಕಡೆ ತಿರುಗುವ ಭಯವಿದೆ. ಮುಂದೆ ಅಲ್ಲಿ ಪರೀಕ್ಷೆಗೆ ಸಿಗದ ಕೃತಕ ಮಾದಕಗಳು ಕಾಗದದಲ್ಲಿ ಇಂಗಿಸಿ ಅಂಚೆಯಲ್ಲೇ ಬರತೊಡಗಿದವು. ಬಂದ ಪತ್ರವನ್ನು ನೆರಳಚ್ಚು ಮಾಡಿ ಪ್ರತಿಯನ್ನಷ್ಟೇ ಬಂದಿಗೆ ಕೊಡಬೇಕಾಯಿತು. ನಮ್ಮಲ್ಲಿ ಪರೀಕ್ಷೆ ಬೇಕು, ಆದರೆ ಹೆಸರು ಬರೆಯದೆ, ಹೊರಗಿನ ಸಂಸ್ಥೆಯೊಂದರಿಂದ, ವರ್ಷಕ್ಕೆ ಕೆಲವು ಸಲ, ಪ್ರತಿ ಬ್ಯಾರಕಿನ ಸ್ಥಿತಿ ತಿಳಿಯುವುದಕ್ಕಾಗಿ. ಒಂದು ಬ್ಯಾರಕಿನಲ್ಲಿ ಪ್ರಮಾಣ ದಿಢೀರನೆ ಏರಿದರೆ ಆ ಪಾಳಿಯ ಸಿಬ್ಬಂದಿಯ ಕಡೆ ನೋಡಬೇಕೆಂಬ ಸೂಚನೆ ಅದು.

ಸಿಬ್ಬಂದಿಯ ಕಣ್ಗಾವಲಿಗೆ ಬರುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಕಾರಾಗೃಹ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿ ಸಾಮರ್ಥ್ಯದ ಶೇ 131.4ರಷ್ಟು ಜನರಿದ್ದರು, ಅವರಲ್ಲಿ ಶೇ 75.8ರಷ್ಟು ವಿಚಾರಣಾಧೀನರು. ಇನ್ನೊಂದು ಕಡೆ ಸಿಬ್ಬಂದಿಯ ಹುದ್ದೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಖಾಲಿ. ಹಾಗಾಗಿ ಬ್ಯಾರಕನ್ನು ನಿಜವಾಗಿ ನಡೆಸುವವನು ವಾರ್ಡರ್ ಅಲ್ಲ, ಹಳೆಯ ಬಂದಿ. ಯಾರು ಎಲ್ಲಿ ಮಲಗಬೇಕು, ಯಾರಿಗೆ ಶೌಚಾಲಯದಿಂದ ದೂರದ ಜಾಗ, ಯಾರ ಮನೆಗೆ ಕರೆ ಹೋಗಬೇಕು ಎಂಬುದನ್ನೆಲ್ಲ ಅವನೇ ತೀರ್ಮಾನಿಸುತ್ತಾನೆ. ನಿಮಗೆ ಬರುತ್ತಿರುವ ಕರೆಯ ಹಿಂದೆ ಸಿಬ್ಬಂದಿಯೇ ಇರಬೇಕೆಂದಿಲ್ಲ. ಆದರೆ ಸಿಬ್ಬಂದಿ ಕಂಡೂ ಕಾಣದಂತೆ ಇಲ್ಲದೆ ಅಂಥ ಕರೆ ಬರಲು ಸಾಧ್ಯವಿಲ್ಲ.

ಮಾಡಬೇಕಾದವುಗಳಲ್ಲಿ ಮೊದಲನೆಯದು, ಅಧೀಕ್ಷಕರಿಂದ ಹಿಡಿದು ಕಸ ಗುಡಿಸುವವರವರೆಗೆ ಒಳಗೆ ಕಾಲಿಡುವ ಪ್ರತಿಯೊಬ್ಬರ ತಪಾಸಣೆ, ಮತ್ತು ಅದನ್ನು ಮಾಡುವವರು ಆ ಕಾರಾಗೃಹದವರಾಗಿರಬಾರದು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ರಾಜ್ಯ ಕೈಗಾರಿಕಾ ಭದ್ರತಾ ಪಡೆಯವರನ್ನು ಹಾಕಿದ್ದು ಸರಿಯಾದ ಹೆಜ್ಜೆ. ಆದರೆ ಅವರೂ ವರ್ಷಗಟ್ಟಲೆ ಅದೇ ಗೇಟಿನಲ್ಲಿದ್ದರೆ ಅವರಿಗೂ ಪರಿಚಯಗಳು ಬೆಳೆಯುತ್ತವೆ, ಆದ್ದರಿಂದ ಕೆಲವೇ ತಿಂಗಳಿಗೊಮ್ಮೆ ತಂಡ ಬದಲಾಗಬೇಕು. ಸಿಬ್ಬಂದಿಯ ಫೋನು, ಚೀಲ, ಊಟದ ಡಬ್ಬಿ ಗೇಟಿನ ಹೊರಗಿನ ಲಾಕರಿನಲ್ಲಿ ಉಳಿಯಬೇಕು. ಒಳಗೆ ಅವರಿಗೆ ಒಳ್ಳೆಯ ಊಟ, ಕುಡಿಯುವ ನೀರು, ಕುಳಿತುಕೊಳ್ಳುವ ಕೋಣೆ ಸಿಗಬೇಕು. ಡಬ್ಬಿ ತರಬೇಡ ಎಂದು ಹೇಳಿ ಊಟ ಕೊಡದಿದ್ದರೆ ಆ ನಿಯಮ ಒಂದು ವಾರವೂ ಉಳಿಯುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಯಾವ ವಾರ್ಡರ್ ಯಾವ ಬ್ಯಾರಕಿಗೆ ಎಂಬುದು ಪಾಳಿ ಶುರುವಾಗುವ ಹೊತ್ತಿಗೆ ಚೀಟಿ ಎತ್ತಿದಂತೆ ಗೊತ್ತಾಗಬೇಕು. ಕ್ಯಾಂಟೀನಿನ ಸರಕು ಹೊರಗಿನ ಗೋದಾಮಿನಲ್ಲಿ ಬಿಚ್ಚಿ, ಎಣಿಸಿ, ಬೇರೆ ಬುಟ್ಟಿಗೆ ತುಂಬಿ ಒಳಗೆ ಬರಬೇಕು. ಹಾಗೆ ಮಾಡಿದ್ದರೆ ಬಾಳೆಗೊನೆಯ ದಿಂಡು ಹೊರಗೇ ಉಳಿಯುತ್ತಿತ್ತು. ದೇಹದ ಒಳಗಿನದನ್ನೂ ತೋರಿಸುವ ಸ್ಕ್ಯಾನರ್ ಬೇಕೇ ಬೇಕು, ಆದರೆ ಅದರ ಚಿತ್ರಗಳು ಬೇರೆ ಊರಿನಲ್ಲಿ ಕೂತವರ ಪರದೆಗೂ ಹೋಗಬೇಕು.

ಹಣದ ಜಾಡು ಹಿಡಿಯುವುದು ಇನ್ನೂ ಮುಖ್ಯ, ನಮ್ಮಲ್ಲಿ ಅತಿ ಕಡಿಮೆ ಆಗಿರುವುದೂ ಅದೇ. ಲಂಚವನ್ನು ಈಗ ಯಾರೂ ಜೈಲಿನೊಳಗೆ ಕೊಡುವುದಿಲ್ಲ. ಅದು ನಿಮ್ಮಂಥವರ ಮೊಬೈಲಿನಿಂದ ಯಾರದೋ ಬಾಮೈದನ, ಯಾವುದೋ ಚಹಾ ಅಂಗಡಿಯವನ ಖಾತೆಗೆ ಹೋಗುತ್ತದೆ. ದೆಹಲಿಯ ರೋಹಿಣಿ ಜೈಲಿನಲ್ಲಿ ವಂಚನೆ ಪ್ರಕರಣದ ಆರೋಪಿಯೊಬ್ಬನಿಂದ ಹಣ ಪಡೆದ ಆರೋಪದ ಮೇಲೆ 2022ರಲ್ಲಿ 80ಕ್ಕೂ ಹೆಚ್ಚು ಸಿಬ್ಬಂದಿಯ ವಿರುದ್ಧ ಪ್ರಕರಣ ದಾಖಲಾಯಿತು. ಇಷ್ಟು ಜನ ಒಂದೇ ಕಡೆ ಸಿಕ್ಕಿಬಿದ್ದರೆಂದರೆ ಅಲ್ಲಿದ್ದದ್ದು ಒಬ್ಬಿಬ್ಬರ ದುರಾಸೆಯಲ್ಲ, ಪಾಲು ಹಂಚುವ ಪದ್ಧತಿ. ಅಂಥ ಕಡೆ ಪ್ರಾಮಾಣಿಕ ವಾರ್ಡರನೇ ಅಪಾಯಕಾರಿ ಎನಿಸಿಕೊಳ್ಳುತ್ತಾನೆ. ಅವನಿಗೆ ಬೇಕೆಂದೇ ರಾತ್ರಿ ಪಾಳಿ, ಗೋಪುರದ ಕಾವಲು ಬೀಳುತ್ತದೆ.

ಕಾನೂನು ದುರ್ಬಲವಾಗಿದೆಯೇ ಎಂದರೆ, ಇಲ್ಲ. ಕರ್ನಾಟಕ ಕಾರಾಗೃಹಗಳ ಅಧಿನಿಯಮದ 42ನೇ ಪ್ರಕರಣ (ಸೆಕ್ಷನ್) ನಿಷಿದ್ಧ ವಸ್ತುವನ್ನು ಒಳಗೆ ಸಾಗಿಸುವುದನ್ನು ಅಪರಾಧವೆನ್ನುತ್ತದೆ, ತಿದ್ದುಪಡಿಯಿಂದ ಅದರ ಶಿಕ್ಷೆ ಹೆಚ್ಚಿದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 59ನೇ ಪ್ರಕರಣದಂತೆ, ವ್ಯಸನಿಯನ್ನೋ ಆ ಕಾಯ್ದೆಯಡಿಯ ಆರೋಪಿಯನ್ನೋ ತನ್ನ ವಶದಲ್ಲಿಟ್ಟುಕೊಂಡವನು ಬೇಕೆಂದೇ ಕಾಯ್ದೆಯ ಉಲ್ಲಂಘನೆಗೆ ನೆರವಾದರೆ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿಣ ಸಜೆ ಇದೆ. ಇಷ್ಟು ಬಲವಾದ ಪ್ರಕರಣವನ್ನು ಜೈಲು ಸಿಬ್ಬಂದಿಯ ಮೇಲೆ ಹಾಕಿದ್ದ ಒಂದು ಆರೋಪಪಟ್ಟಿಯನ್ನೂ ನನ್ನ ಸೇವೆಯಲ್ಲಿ ನಾನು ನೋಡಲಿಲ್ಲ. ಒಂದು ಲೋಪ ಮಾತ್ರ ಇದೆ. 1988ರ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದವು ಜೈಲಿನೊಳಗೆ ನಡೆದ ಅಪರಾಧವನ್ನು ಹೆಚ್ಚು ಗಂಭೀರವೆಂದು ಪರಿಗಣಿಸಬೇಕೆಂದು ಹೇಳುತ್ತದೆ. ನಮ್ಮ ಕಾಯ್ದೆಯ 32ಬಿ ಪ್ರಕರಣವು ಶಿಕ್ಷೆ ಹೆಚ್ಚಿಸಲು ಕೊಡುವ ಕಾರಣಗಳ ಪಟ್ಟಿಯಲ್ಲಿ ಸರ್ಕಾರಿ ಹುದ್ದೆಯ ದುರ್ಬಳಕೆ ಇದೆ, ಶಾಲೆ ಕಾಲೇಜು ಇವೆ, ಜೈಲು ಇಲ್ಲ. ಅಮಾನತು ಎಂಬುದು ಶಿಕ್ಷೆಯಲ್ಲ. ಜೀವನಾಧಾರ ಭತ್ಯೆ ಪಡೆಯುತ್ತಾ ಮನೆಯಲ್ಲಿ ಕೂತು, ಗದ್ದಲ ತಣ್ಣಗಾದ ಮೇಲೆ ಮರಳಿ ಬರುವುದು. ಆದ್ದರಿಂದ ಇಂಥ ಪ್ರಕರಣಗಳ ತನಿಖೆ ಇಲಾಖಾ ವಿಚಾರಣೆಯಲ್ಲಿ ಮುಗಿಯದೆ ನೇರವಾಗಿ ಲೋಕಾಯುಕ್ತ ಪೊಲೀಸರಿಗೆ ಹೋಗಬೇಕು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಪಡಿಸಿದ ಬಳಿಕ ಆ ಅಧಿಕಾರ ಮತ್ತೆ ಅವರದೇ.

ಬಂದಿಯೇ ದೂರು ಕೊಡುವ ದಾರಿ ಹೇಗಿರಬೇಕೆಂಬುದನ್ನು ಸುಪ್ರೀಂ ಕೋರ್ಟ್ 1979ರಷ್ಟು ಹಿಂದೆಯೇ ಹೇಳಿದೆ. ತಿಹಾರಿನಲ್ಲಿ ಹಣಕ್ಕಾಗಿ ಬಂದಿಯೊಬ್ಬನಿಗೆ ವಾರ್ಡರ್ ಚಿತ್ರಹಿಂಸೆ ಕೊಟ್ಟದ್ದನ್ನು ಸಹಬಂದಿ ಸುನಿಲ್ ಬಾತ್ರಾ ಪತ್ರ ಬರೆದು ನ್ಯಾಯಾಲಯಕ್ಕೆ ತಿಳಿಸಿದ ಪ್ರಕರಣವದು. ತೀರ್ಪು ಬರೆದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಜೈಲುಗಳಲ್ಲಿ ಕುಂದುಕೊರತೆ ಪೆಟ್ಟಿಗೆಗಳಿರಬೇಕು, ಅವು ಜಿಲ್ಲಾ ದಂಡಾಧಿಕಾರಿಗಳ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಂತೆ ತೆರೆಯಲ್ಪಡಬೇಕು ಎಂದರು. ಪೆಟ್ಟಿಗೆ ಇಂದಿಗೂ ಅನೇಕ ಕಡೆ ಗೋಡೆಯ ಮೇಲಿದೆ. ನಾನಿದ್ದ ಒಂದು ಕಡೆ ಅದನ್ನು ಹೆಡ್ ವಾರ್ಡರನ ಮೇಜಿನ ಎದುರಿಗೇ ನೇತುಹಾಕಿದ್ದರು, ಬೀಗದ ಕೈ ಅವನ ಡ್ರಾಯರಿನಲ್ಲಿತ್ತು. ನಾನಿದ್ದ ಎರಡು ವರ್ಷಗಳಲ್ಲಿ ಅದರೊಳಗೆ ಸಿಕ್ಕಿದ್ದು ಯಾರೋ ತುರುಕಿದ ಒಂದು ಖಾಲಿ ಬೆಂಕಿಪೊಟ್ಟಣ. ನಾನು ಆ ಪೆಟ್ಟಿಗೆಯನ್ನು ಕಾನೂನು ನೆರವು ಕೋಣೆಯ ಒಳಗೆ ಹಾಕಿಸಿ, ಬೀಗದ ಕೈಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ಕೊಡಿಸಿದೆ. ಮೊದಲ ತಿಂಗಳಲ್ಲೇ ಹನ್ನೊಂದು ಚೀಟಿಗಳು ಬಂದವು. ಅವುಗಳಲ್ಲಿ ಮೂರು ಒಂದೇ ಹೆಸರನ್ನು ಹೇಳುತ್ತಿದ್ದವು.

ಇನ್ನು ನಿಮ್ಮ ಮನೆಯ ವಿಷಯ. ಹಣ ಕೇಳುವವನು ಬಂದಿಯಾಗಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯಡಿ ಸುಲಿಗೆ. ನೀವು ನಿಮ್ಮ ಊರಿನ ಠಾಣೆಯಲ್ಲೇ ದೂರು ಕೊಡಬಹುದು. ಸಿಬ್ಬಂದಿಯ ಪರವಾಗಿ ಕೇಳುತ್ತಿದ್ದರೆ ಅದು ಲಂಚ, ದೂರು ಲೋಕಾಯುಕ್ತ ಪೊಲೀಸರಿಗೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಬಳಿಕ ಲಂಚ ಕೊಟ್ಟವರೂ ಅಪರಾಧಿಗಳೇ, ಆದರೆ ಬಲವಂತಕ್ಕೆ ಸಿಲುಕಿ ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಕೊನೆಯ ಸಲ ಹಣ ಕಳುಹಿಸಿ ಏಳು ದಿನ ಕಳೆದಿದ್ದರೆ ವಕೀಲರನ್ನು ಜೊತೆಗೆ ಕರೆದುಕೊಂಡೇ ಹೋಗಿ. ವಕೀಲರ ಶುಲ್ಕಕ್ಕೆ ಅನುಕೂಲವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ.

ತಮ್ಮನ ಚಟದ ವಿಷಯವನ್ನು ದೂರಿನಲ್ಲಿ ಬೆರೆಸದೆ ಬೇರೆಯೇ ಅರ್ಜಿ ಹಾಕಿಸಿ. ಆತನ ಪ್ರಕರಣ ನಡೆಯುತ್ತಿರುವ ನ್ಯಾಯಾಲಯದ ಮುಂದೆ, ಆತನಿಗೆ ಆರೋಗ್ಯ ಸಮಸ್ಯೆಯಿದೆ, ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಂದ ಪರೀಕ್ಷೆ ಮತ್ತು ವ್ಯಸನಮುಕ್ತಿ ಚಿಕಿತ್ಸೆ ಕೊಡಿಸಬೇಕು, ಬೇರೆ ಬ್ಯಾರಕಿಗೆ ಇಲ್ಲವೇ ಬೇರೆ ಕಾರಾಗೃಹಕ್ಕೆ ಬದಲಾಯಿಸಬೇಕು ಎಂದು ವಕೀಲರ ಮೂಲಕ ಕೋರಿ. ಎನ್‌ಡಿಪಿಎಸ್ ಕಾಯ್ದೆಯ 64ಎ ಪ್ರಕರಣ ತಾನಾಗಿ ಚಿಕಿತ್ಸೆಗೆ ಮುಂದಾದ ವ್ಯಸನಿಗೆ ರಕ್ಷಣೆ ಕೊಡುತ್ತದೆ. ಅದನ್ನು ವಕೀಲರಿಗೆ ನೆನಪಿಸಿ. ನ್ಯಾಯಾಧೀಶರು ವಿಡಿಯೊ ಮೂಲಕ ನೋಡುವಾಗ ತಮ್ಮ ಬಾಯಿಬಿಟ್ಟು ಹೇಳಲಿ ಎಂದು ನಿರೀಕ್ಷಿಸಬೇಡಿ, ಆ ಹೊತ್ತಿನಲ್ಲಿ ಆತನ ಪಕ್ಕದಲ್ಲಿ ಸಿಬ್ಬಂದಿ ನಿಂತಿರುತ್ತಾರೆ. ಮುಂದಿನ ದಿನಾಂಕಕ್ಕೆ ಆತನನ್ನು ಖುದ್ದಾಗಿ ಹಾಜರುಪಡಿಸಬೇಕೆಂಬ ಕೋರಿಕೆಯನ್ನೂ ಅರ್ಜಿಯಲ್ಲಿ ಸೇರಿಸಿ. ಅರ್ಜಿ ಸಲ್ಲಿಕೆಯಾದ ದಿನ ಅದರ ಪ್ರತಿಯ ಮೇಲೆ ನ್ಯಾಯಾಲಯದ ಕಚೇರಿಯ ಮೊಹರು ಹಾಕಿಸಿಕೊಂಡು, ಅದನ್ನು ಕಾರಾಗೃಹದ ಮುಖ್ಯ ಅಧೀಕ್ಷಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ನ್ಯಾಯಾಲಯಕ್ಕೆ ಗೊತ್ತಿರುವ ಬಂದಿಯ ಮೇಲೆ ಕೈಮಾಡಲು ಎಂಥವರೂ ಹಿಂದೆಮುಂದೆ ನೋಡುತ್ತಾರೆ. ಸಂದರ್ಶನಕ್ಕೆ ಹೋದಾಗ ಮಾತ್ರ ಇದ್ಯಾವುದನ್ನೂ ತಮ್ಮನ ಹತ್ತಿರ ಎತ್ತಬೇಡಿ. ಜಾಲರಿಯ ಆಚೆ ಆತನ ಎಡಬಲದಲ್ಲಿ ನಿಂತು ತಮ್ಮ ಮನೆಯವರೊಡನೆ ಮಾತನಾಡುತ್ತಿರುವವರಲ್ಲಿ ಹಣದ ಲೆಕ್ಕ ಇಡುವವನೂ ಇರಬಹುದು.